ಹ್ಯಾಲೋವೀನ್ ಹಿಡನ್ ಆಬ್ಜೆಕ್ಟ್ ಗೇಮ್: ಕಂಡ ವಸ್ತು ಕ್ಲಿಕ್ ಆಗ್ತಿಲ್ಲ, ಸೀನ್‌ಗಳೂ ಸಪ್ಪೆ

ಪ್ರಶ್ನೆ:
ಹ್ಯಾಲೋವೀನ್‌ಗೆ ಅಂತ ಸ್ಟೀಮ್‌ನಲ್ಲಿ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಒಂದು ಹಿಡನ್ ಆಬ್ಜೆಕ್ಟ್ ಗೇಮ್ ತಗೊಂಡೆ, ಅಂದರೆ ಪಟ್ಟಿಯಲ್ಲಿರುವ ವಸ್ತುಗಳನ್ನು ಚಿತ್ರದಲ್ಲಿ ಹುಡುಕಿ ಕ್ಲಿಕ್ ಮಾಡುವ ಆಟ. ವಸ್ತು ಕಣ್ಣೆದುರೇ ಇದ್ದರೂ ಕ್ಲಿಕ್ ಹಿಡಿಯಲ್ಲ, ಸ್ವಲ್ಪ ಎಡಕ್ಕೆ ಒತ್ತಿದರೆ ಹಿಡಿಯುತ್ತೆ. ಸೀನ್‌ಗಳೆಲ್ಲ ಕಂದು, ಕಪ್ಪು. ಅಟ್ಟದ ಸೀನ್ ಆಗಲೇ ಮೂರನೇ ಸಲ ಬಂತು. ವಿಂಡೋಸ್ 11, 1920×1080, ಸ್ಕೇಲಿಂಗ್ (ಪರದೆ ಮೇಲಿನದ್ದನ್ನು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 150%. ಸೆಟ್ಟಿಂಗ್ ತಪ್ಪೋ, ಗೇಮೇ ಹೀಗೋ? ಆಡಿದ್ದು 70 ನಿಮಿಷ.

ಉತ್ತರ 1:
ಕ್ಲಿಕ್ ತೊಂದರೆಗೆ ಆ 150% ಕಾರಣ ಇರಬಹುದು. ವಿಂಡೋಸ್ ಚಿತ್ರವನ್ನು ಹಿಗ್ಗಿಸುತ್ತೆ, ಗೇಮ್ ಮಾತ್ರ ಕ್ಲಿಕ್ ಜಾಗವನ್ನು ಹಳೇ ಅಳತೆಯಲ್ಲೇ ಲೆಕ್ಕ ಹಾಕುತ್ತೆ. ಸ್ಟೀಮ್ ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್, ಬ್ರೌಸ್ ಲೋಕಲ್ ಫೈಲ್ಸ್. ಅಲ್ಲಿರುವ ಇಎಕ್ಸ್ಇ (ಗೇಮ್ ಶುರು ಮಾಡುವ) ಫೈಲಿನ ಪ್ರಾಪರ್ಟೀಸ್ ತೆರೆದು ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗಿನ ಓವರ್‌ರೈಡ್‌ಗೆ ಟಿಕ್ ಹಾಕಿ 'ಅಪ್ಲಿಕೇಶನ್' ಆರಿಸಿ. ಆಮೇಲೂ ಜಾಗ ತಪ್ಪಿದರೆ ಗೇಮ್ ಆಪ್ಷನ್ಸ್‌ನಲ್ಲಿ ವೈಡ್‌ಸ್ಕ್ರೀನ್ ಮತ್ತು ಕಸ್ಟಮ್ ಕರ್ಸರ್ ಎರಡನ್ನೂ ಆಫ್ ಮಾಡಿ. 4:3ಕ್ಕೆ, ಅಂದರೆ ಅಗಲ ಕಡಿಮೆಯ ಹಳೇ ಪರದೆಗೆ, ಬರೆದ ಸೀನ್‌ಗಳನ್ನು ಅಗಲಕ್ಕೆ ಎಳೆದಾಗ ಅಂಚಿನ ವಸ್ತುಗಳೇ ಮೊದಲು ಕೈತಪ್ಪೋದು.

ಉತ್ತರ 2:
ಕತ್ತಲೆಗೆ ಗಾಮಾ (ಮಬ್ಬು ಭಾಗಗಳ ಹೊಳಪು) ಏರಿಸಿದರೆ ಅಲ್ಪಸ್ವಲ್ಪ ಉಪಯೋಗ, ಅಷ್ಟೇ. ಹಿಂಟ್ (ಸುಳಿವು) ಬಟನ್ ಒತ್ತಿ, ಅದು ತೋರಿಸಿದ ವಸ್ತುವನ್ನು ಗಮನಿಸಿ ನೋಡಿ. ಮೇಣದಬತ್ತಿ ಇರುವ ಕಡೆಯಿಂದಲೇ ಅದರ ಮೇಲೂ ಬೆಳಕು ಬಿದ್ದು, ನೆರಳು ಆಚೆಗೆ ಚಾಚಿದ್ದರೆ ಕಲಾವಿದರು ನ್ಯಾಯವಾಗಿಯೇ ಬಚ್ಚಿಟ್ಟಿದ್ದಾರೆ. ನೆರಳೇ ಇಲ್ಲದೆ, ಅರ್ಧ ಪಾರದರ್ಶಕ ಮಾಡಿ, ಬೆರಳುದ್ದದ ಏಣಿಯನ್ನು ಗೋಡೆಗೆ ಅಂಟಿಸಿದ್ದರೆ ಅದು ಬಚ್ಚಿಟ್ಟಿದ್ದಲ್ಲ, ಮೋಸ. ಇಂಥ ಗೇಮ್‌ಗಳು ಈ ಪ್ರಕಾರಕ್ಕೇ ಕೆಟ್ಟ ಹೆಸರು ತರ್ತಿವೆ.

ಪಟ್ಟಿಯ ಇಂಗ್ಲಿಷ್ ಪದಗಳ ಕಡೆಗೂ ಗಮನ ಇರಲಿ. 'ಬ್ಯಾಟ್' ಅಂದರೆ ಬಾವಲಿಯೂ ಹೌದು, ಆಡುವ ದಾಂಡೂ ಹೌದು. 'ಬೋ' ಅಂದರೆ ಬಿಲ್ಲು ಅಥವಾ ರಿಬ್ಬನ್ ಗಂಟು. ಹ್ಯಾಲೋವೀನ್ ಅಂತ ಬಾವಲಿಯನ್ನೇ ಹುಡುಕುತ್ತಾ ಕೂತರೆ ಮೂಲೆಯ ದಾಂಡು ಕಾಣೋದೇ ಇಲ್ಲ. ಕಸ್ಟಮ್ ಡಿಫಿಕಲ್ಟಿ (ಕಷ್ಟದ ಮಟ್ಟ ನಾವೇ ಹೊಂದಿಸೋದು) ಇದ್ದರೆ ಹಿಂಟ್ ಮತ್ತೆ ತುಂಬುವ ಸಮಯ ಕಡಿಮೆ ಮಾಡಿ, ತಪ್ಪು ಕ್ಲಿಕ್‌ಗೆ ಬೀಳುವ ದಂಡ ತೆಗೆದುಬಿಡಿ.

ಉತ್ತರ 3:
ಸೀನ್ ಮರಳಿ ಬರೋದು ತಪ್ಪಲ್ಲ, ಎರಡನೇ ಸಲ ಪಟ್ಟಿ ಪೂರ್ತಿ ಹೊಸದಿರಬೇಕು. ಹಳೇ ವಸ್ತುಗಳೇ ಬಂದರೆ ಸ್ಟೀಮ್‌ನಲ್ಲಿ ರಿಫಂಡ್ ಕೇಳಿ. ಕೊಂಡು 14 ದಿನದೊಳಗೆ, ಆಟದ ಅವಧಿ 2 ಗಂಟೆ ದಾಟಿರಬಾರದು. ನಿಮಗೆ ಉಳಿದಿದ್ದು 50 ನಿಮಿಷ. ಪಾಜ್ ಮಾಡಿ ಊಟಕ್ಕೆ ಹೋದ ಸಮಯವೂ ಲೆಕ್ಕಕ್ಕೆ ಸೇರುತ್ತೆ, ಹಾಗಾಗಿ ಗೇಮ್ ಮುಚ್ಚಿಯೇ ಏಳಿ.

ಬದಲಿಗೆ ಆರ್ಟಿಫೆಕ್ಸ್ ಮುಂಡಿ ಕಂಪನಿಯ 'ಎನಿಗ್ಮಾಟಿಸ್: ದಿ ಘೋಸ್ಟ್ಸ್ ಆಫ್ ಮೇಪಲ್ ಕ್ರೀಕ್' (2011) ನೋಡಿ. ಹ್ಯಾಲೋವೀನ್ ಕತೆ ಅಲ್ಲ, ಆದರೂ ಆ ರಾತ್ರಿಗೆ ಚೆನ್ನಾಗಿ ಒಪ್ಪುತ್ತೆ. ಸಿಕ್ಕ ಸುಳಿವುಗಳನ್ನು ಗೋಡೆಗೆ ಹಚ್ಚಿ ಒಂದಕ್ಕೊಂದು ಜೋಡಿಸಬೇಕು, ಹುಡುಕಿದ್ದಕ್ಕೂ ಕತೆಗೂ ನಂಟಿರುತ್ತೆ. ಇನ್ನೂ ಹಳೇದು ಬೇಕಿದ್ದರೆ ಬಿಗ್ ಫಿಶ್ ಕಂಪನಿಯ 'ರಿಟರ್ನ್ ಟು ರೇವನ್‌ಹರ್ಸ್ಟ್' (2008).

ಪ್ರಶ್ನೆ ಕೇಳಿದವರು:
'ಅಪ್ಲಿಕೇಶನ್' ಆರಿಸಿದ ಮೇಲೆ ಕ್ಲಿಕ್ ಸರಿಯಾಯ್ತು, ಧನ್ಯವಾದ. ಅಟ್ಟದ ಪಟ್ಟಿ ಹೋಲಿಸಿದೆ: 12ರಲ್ಲಿ 7 ಹಳೇವೇ. ಏಣಿಗೆ ನೆರಳಿಲ್ಲ. ರಿಫಂಡ್ ಕೇಳ್ತೀನಿ.