ಪದಚರ್ಚೆ: ‘ನಾನ್‌ರೈವಲ್’ ಸರಕಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅರ್ಥಶಾಸ್ತ್ರದ ಒಂದು ಪದಕ್ಕೆ ಕನ್ನಡ ಬೇಕಾಗಿದೆ: ‘ನಾನ್‌ರೈವಲ್’. ಚಿಕ್ಕಬಳ್ಳಾಪುರದಲ್ಲಿ ಪದವಿ ಮಕ್ಕಳಿಗೆ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುತ್ತೇನೆ. ಜ್ಞಾನದಿಂದ ಆರ್ಥಿಕ ಬೆಳವಣಿಗೆ ಹೇಗೆ ಆಗುತ್ತದೆ ಅನ್ನುವ ಅಧ್ಯಾಯಕ್ಕೆ ಬಂದಾಗಲೆಲ್ಲ ಪಾಠ ಈ ಪದದ ಹತ್ತಿರ ನಿಂತುಬಿಡುತ್ತದೆ. ‘ಪೈಪೋಟಿರಹಿತ’, ‘ಪ್ರತಿಸ್ಪರ್ಧಾರಹಿತ’ ಅಂತ ಮಕ್ಕಳ ನೋಟ್ಸಿನಲ್ಲಿ ಬರೆದಿರುತ್ತದೆ. ಪದಕ್ಕೆ ಪದ ಇಟ್ಟರೆ ಬರೋದು ಅದೇ, ಒಪ್ಪುತ್ತೇನೆ. ಆದರೆ ಅದನ್ನು ಓದಿದ ಮಕ್ಕಳು ‘ಎದುರಾಳಿಯೇ ಇಲ್ಲದ ಸರಕು, ಒಬ್ಬನೇ ಮಾರುವ ಸರಕು’ ಅಂತ ತಿಳಿಯುತ್ತಾರೆ. ಪರೀಕ್ಷೆಯಲ್ಲಿ ‘ಏಕಸ್ವಾಮ್ಯದ ಸರಕು’ ಅಂತಲೇ ಬರೆದುಬಿಡುತ್ತಾರೆ. ತಪ್ಪು ಅವರದಲ್ಲ. ಇಲ್ಲಿ ಪೈಪೋಟಿ ಇರೋದು ಮಾರುವವರ ನಡುವೆ ಅಲ್ಲ, ಬಳಸುವವರ ನಡುವೆ. ಆ ಸುಳಿವು ಕನ್ನಡದ ರೂಪದಲ್ಲಿ ಎಲ್ಲೂ ಇಲ್ಲ.

ಅರ್ಥ ಇಷ್ಟೇ: ನಾನು ಬಳಸಿದರೆ ನಿಮಗೆ ಉಳಿಯೋದು ಕಡಿಮೆ ಆಗುತ್ತದಾ, ಇಲ್ಲವಾ? ನಮ್ಮ ಕಡೆ ಬೋರ್‌ವೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಸಾವಿರ ಅಡಿ ದಾಟಿ ಕೊರೆಸಿ ನಾನು ನೀರು ಎತ್ತಿದರೆ ಪಕ್ಕದ ತೋಟದವರ ಬೋರ್ ಬತ್ತಬಹುದು. ನೀರಿನಲ್ಲಿ ಬಳಸುವವರಿಗೆ ಪೈಪೋಟಿ ಇದೆ. ಅದೇ ಹನಿ ನೀರಾವರಿ ಹೇಗೆ ಮಾಡೋದು ಅನ್ನುವ ತಿಳಿವಳಿಕೆ ತಗೊಳ್ಳಿ. ಪಕ್ಕದವರು ಕಲಿತರೂ ನನ್ನ ತಿಳಿವಳಿಕೆ ಒಂದು ಹನಿಯೂ ಇಳಿಯಲ್ಲ. ಈ ಎರಡನೆಯದಕ್ಕೆ ನನಗೆ ಹೆಸರು ಬೇಕು.

ಒಂದು ಪದಕ್ಕೆ ಇಷ್ಟು ಯಾಕೆ ಅಂತ ಕೇಳಬಹುದು. ಸುಮಾರು ಇನ್ನೂರು ವರ್ಷ ಅರ್ಥಶಾಸ್ತ್ರಜ್ಞರು ಬಿಡಿಸಲಾಗದೆ ಬಿಟ್ಟಿದ್ದ ಗಂಟು ಬಿಚ್ಚಿಕೊಂಡದ್ದು ಈ ಕಲ್ಪನೆಯಿಂದ. ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಲೆಕ್ಕ ಕೊಟ್ಟ. ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ, ಪಳಗದ ಒಬ್ಬ ಒಂಟಿಯಾಗಿ ಮಾಡಿದರೆ 20 ಕೂಡ ಕಷ್ಟ. ಅಂದರೆ ದೊಡ್ಡದಾಗಿ ಮಾಡಿದಷ್ಟೂ ಅಗ್ಗ. ಹಾಗಿದ್ದರೆ ದೊಡ್ಡವನು ಚಿಕ್ಕವರನ್ನೆಲ್ಲ ನುಂಗಿಬಿಡಬೇಕಲ್ವಾ? ಆದರೆ ಅದೇ ಪುಸ್ತಕದಲ್ಲಿ ‘ಕಾಣದ ಕೈ’ ಕೂಡ ಇದೆ, ಅಂದರೆ ಒಬ್ಬೊಬ್ಬರೂ ತಮ್ಮ ಲಾಭ ನೋಡಿಕೊಂಡರೂ ಮಾರುಕಟ್ಟೆಯಲ್ಲಿ ಎಲ್ಲರಿಗೂ ಒಳ್ಳೆಯದಾಗುತ್ತದೆ ಅನ್ನುವ ಮಾತು. ಅದು ಕೆಲಸ ಮಾಡಬೇಕಾದರೆ ಮಾರುವವರು ತುಂಬಾ ಜನ ಇರಬೇಕು. ಈ ಎರಡನ್ನೂ ಒಂದೇ ಗಾಡಿಗೆ ಕಟ್ಟುವುದು ಹೇಗೆ ಅಂತ ಯಾರಿಗೂ ಸರಿಯಾಗಿ ಹೊಳೆಯಲಿಲ್ಲ.

1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ಒಂದು ದಾರಿ ತೋರಿಸಿದ. ದೊಡ್ಡದಾಗಿ ಮಾಡುವುದರ ಲಾಭ ಒಂದೊಂದು ಕಾರ್ಖಾನೆಯ ಒಳಗಷ್ಟೇ ಇಲ್ಲ, ಊರಲ್ಲೂ ಇದೆ ಅಂದ. ಒಂದೇ ಕಸುಬಿನವರು ಒಂದು ಕಡೆ ಸೇರಿದರೆ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯಲ್ಲ, ಗಾಳಿಯಲ್ಲೇ ಇರುತ್ತದೆ, ಮಕ್ಕಳು ತಮಗೇ ಗೊತ್ತಿಲ್ಲದ ಹಾಗೆ ಕಲಿಯುತ್ತಾರೆ ಅಂತ ಅವನ ಮಾತಿನ ಸಾರ. ಇದನ್ನು ರೇಷ್ಮೆಯ ಊರಾದ ಶಿಡ್ಲಘಟ್ಟದ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ಹುಳು ಎಷ್ಟನೇ ಜ್ವರದಲ್ಲಿದೆ (ಪೊರೆ ಬಿಡುವ ಹಂತ), ಹಣ್ಣಾಗಿದೆಯಾ, ಗೂಡು ಕಟ್ಟಲು ಚಂದ್ರಂಕಿಗೆ ಯಾವಾಗ ಬಿಡಬೇಕು ಅನ್ನೋದನ್ನು ಅವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ.

ಆಮೇಲೆ ಬಂದವರು ರಾಬರ್ಟ್ ಸೋಲೋ. 1957ರಲ್ಲಿ ಅವರು ಅಮೆರಿಕದ 1909ರಿಂದ 1949ರವರೆಗಿನ ಲೆಕ್ಕ ಹಾಕಿದರು. ಒಂದು ಗಂಟೆ ದುಡಿಮೆಯಿಂದ ಬರುವ ಉತ್ಪತ್ತಿ ಎರಡರಷ್ಟಾಗಿತ್ತು. ಅದರಲ್ಲಿ ಬಂಡವಾಳ ಹೆಚ್ಚಾದದ್ದರಿಂದ ಬಂದದ್ದು ಎಂಟನೇ ಒಂದು ಪಾಲು ಮಾತ್ರ, ಮಿಕ್ಕ ಏಳು ಪಾಲನ್ನು ‘ತಾಂತ್ರಿಕ ಬದಲಾವಣೆ’ ಅನ್ನುವ ಹೆಸರಿಗೆ ಹಾಕಿದರು. ಇದಕ್ಕೆ ‘ಸೋಲೋ ಶೇಷ’ ಅನ್ನುತ್ತಾರೆ, ನಾನು ಪಾಠದಲ್ಲಿ ‘ಉಳಿಕೆ’ ಅನ್ನುತ್ತೇನೆ, ಮಕ್ಕಳಿಗೆ ಬೇಗ ಹಿಡಿಯುತ್ತದೆ. ಅದರ ಹಿಂದಿನ ವರ್ಷವೇ ಮೋಸೆಸ್ ಅಬ್ರಮೊವಿಟ್ಜ್ ಇಂಥ ಉಳಿಕೆಯನ್ನು ನಮ್ಮ ಅಜ್ಞಾನದ ಅಳತೆ ಅಂತ ಕರೆದಿದ್ದರು. ಸರಿಯಾದ ಮಾತು. ಬೆಳವಣಿಗೆಯ ದೊಡ್ಡ ಭಾಗ ಎಲ್ಲಿಂದ ಬಂತು ಅಂತ ಸಿದ್ಧಾಂತದ ಒಳಗೆ ಉತ್ತರವೇ ಇರಲಿಲ್ಲ.

ಕೆನ್ನೆತ್ ಆರೋ 1962ರಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಕಲಿಯುವುದನ್ನೇ ಸಿದ್ಧಾಂತದ ಒಳಗೆ ತಂದರು. ಸ್ವೀಡನ್ನಿನ ಹಾರ್ನ್‌ಡಾಲ್ ಕಬ್ಬಿಣದ ಕಾರ್ಖಾನೆಯಲ್ಲಿ 15 ವರ್ಷ ಹೊಸ ಬಂಡವಾಳ ಹಾಕದಿದ್ದರೂ ಒಂದು ಗಂಟೆಯ ಉತ್ಪತ್ತಿ ವರ್ಷಕ್ಕೆ ಸುಮಾರು ಶೇ 2ರಂತೆ ಏರಿತ್ತು ಅನ್ನೋದು ಅವರು ಕೊಟ್ಟ ಉದಾಹರಣೆ. ಈ ಕಲ್ಪನೆಗೆ ಕನ್ನಡದಲ್ಲಿ ನನಗೆ ತೊಂದರೆಯೇ ಇಲ್ಲ. ‘ಹಾಡ್ತಾ ಹಾಡ್ತಾ ರಾಗ’ ಅಂದರೆ ಸಾಕು, ‘ಕೈ ಪಳಗುವುದು’ ಅಂತಲೂ ಬರೆಯಬಹುದು.

ಈಗ ತೊಡಕಿನ ಜಾಗ. ಪಾಲ್ ರೋಮರ್ 1990ರ ಪ್ರಬಂಧದಲ್ಲಿ ಜ್ಞಾನವನ್ನು ಎರಡಾಗಿ ಒಡೆದರು. ಶಿಡ್ಲಘಟ್ಟದ ನೂಲು ಬಿಚ್ಚುವ ಒಂದು ಶೆಡ್ಡನ್ನೇ ನೋಡಿ. ಬಿಸಿನೀರಿನಲ್ಲಿ ಗೂಡು ಬೆಂದಿರುತ್ತದೆ. ರೀಲಿಂಗ್ ಮಾಡುವ ಹೆಂಗಸು ಎಳೆಯ ತುದಿ ಹುಡುಕಿ, ಕೆಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡುತ್ತಾಳೆ. ಒಂದು ಗೂಡು ಮುಗಿಯುತ್ತಿದ್ದ ಹಾಗೆ ಇನ್ನೊಂದರ ತುದಿ ಸೇರಿಸಬೇಕು, ತಡ ಆದರೆ ನೂಲು ಅಲ್ಲಿ ತೆಳ್ಳಗಾಗುತ್ತದೆ. ಆ ಕಣ್ಣು, ಆ ಬೆರಳು ಅವಳದು. ಈ ಶೆಡ್ಡಿನಲ್ಲಿ ಇದ್ದಾಗ ಅವಳು ಇನ್ನೊಂದು ಶೆಡ್ಡಿನಲ್ಲಿ ಇರಲಾರಳು. ಯಂತ್ರವೂ ಅಷ್ಟೇ, ಇಲ್ಲಿ ತಿರುಗುತ್ತಿದ್ದರೆ ಅಲ್ಲಿಲ್ಲ. ಆದರೆ ಆ ಯಂತ್ರದ ವಿನ್ಯಾಸ? ಒಂದು ಸಲ ಯಾರೋ ತಲೆ ಓಡಿಸಿ ಕಂಡುಕೊಂಡರೆ ಸಾವಿರ ಶೆಡ್ಡಿನಲ್ಲಿ ಏಕಕಾಲಕ್ಕೆ ಬಳಸಬಹುದು. ಕೈಯ ಕಸುಬು ಹಂಚಿಹೋಗುತ್ತದೆ, ವಿನ್ಯಾಸ ಹಂಚಿಹೋಗಲ್ಲ. ರೋಮರ್ ಹಾಕಿದ ಗೆರೆ ಇದೇ. ಎರಡು ವರ್ಷ ಮೊದಲು, 1988ರಲ್ಲಿ, ರಾಬರ್ಟ್ ಲೂಕಸ್ ಒತ್ತಿ ಹೇಳಿದ ಮಾನವ ಬಂಡವಾಳ ಈ ಗೆರೆಯ ಆಚೆ ಕಡೆ, ಕೈಯ ಕಸುಬಿನ ಹಾಗೆ ಮನುಷ್ಯರ ಮೈಗೆ ಅಂಟಿಕೊಂಡಿರುವಂಥದ್ದು.

ಹಾಗಾಗಿ ‘ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ’ ಅನ್ನೋ ನಮ್ಮ ಮಾತನ್ನು ಇಲ್ಲಿ ತರೋಕೆ ನನಗೆ ಹಿಂಜರಿಕೆ. ಮಾತು ಚೆನ್ನಾಗಿದೆ, ಆದರೆ ‘ವಿದ್ಯೆ’ಯಲ್ಲಿ ಕೈಯ ಕಸುಬೂ ಬರುತ್ತದೆ, ಪುಸ್ತಕದ ಸೂತ್ರವೂ ಬರುತ್ತದೆ.

ಸ್ಮಿತ್‌ನ ಗಂಟು ಬಿಚ್ಚಿದ್ದು ಇಲ್ಲೇ. ವಿನ್ಯಾಸ ಕಂಡುಹಿಡಿಯುವ ಖರ್ಚು ಒಂದೇ ಸಲ, ಆಮೇಲೆ ನಕಲಿಗೆ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪೂರ್ಣ ಪೈಪೋಟಿಯಲ್ಲಿ ಬೆಲೆ ಆ ನಕಲಿನ ಖರ್ಚಿಗೆ ಇಳಿದುಬಿಟ್ಟರೆ ಮೊದಲು ತಲೆ ಓಡಿಸಿದವನಿಗೆ ಹಾಕಿದ ಕಾಸೂ ಹುಟ್ಟಲ್ಲ. ಅವನಿಗೆ ಬೆಲೆಯ ಮೇಲೆ ಸ್ವಲ್ಪವಾದರೂ ಹಿಡಿತ ಬೇಕು. ಆಗ ಹೊಸ ಜ್ಞಾನ ಆಕಾಶದಿಂದ ಉದುರುವುದಲ್ಲ, ಲಾಭ ಕಂಡು ಜನ ದುಡಿದು ಹುಟ್ಟಿಸುವುದು ಅಂತಾಯಿತು. ಈ ಕೆಲಸಕ್ಕೇ ರೋಮರ್‌ಗೆ 2018ರ ನೊಬೆಲ್ ಬಂತು. 2025ರಲ್ಲಿ ಫಿಲಿಪ್ ಅಗಿಯೋನ್, ಪೀಟರ್ ಹೋವಿಟ್ ಮತ್ತು ಇತಿಹಾಸಕಾರ ಜೋಯೆಲ್ ಮೋಕಿರ್ ಅವರಿಗೆ ಬಂದದ್ದೂ ಇದೇ ದಾರಿಯ ಕೆಲಸಕ್ಕೆ.

‘ಪೈಪೋಟಿರಹಿತ’ ಯಾಕೆ ಬೇಡ ಅನ್ನುತ್ತಿದ್ದೇನೆ ಅಂತ ಈಗ ಗೊತ್ತಾಗಿರಬೇಕು. ಒಂದೇ ಪುಟದಲ್ಲಿ ಮಾರುಕಟ್ಟೆಯ ಪೈಪೋಟಿಯೂ ಬರುತ್ತದೆ, ಬಳಕೆಯ ಪೈಪೋಟಿಯೂ ಬರುತ್ತದೆ. ಎರಡಕ್ಕೂ ಒಂದೇ ಪದ ಇಟ್ಟರೆ ಓದುವವರು ದಾರಿ ತಪ್ಪುವುದು ಖಂಡಿತ.

ಇದರ ಜೋಡಿ ಪದ ‘ಎಕ್ಸ್‌ಕ್ಲೂಡಬಲ್’ಗೆ, ಅಂದರೆ ಬೇರೆಯವರು ಬಳಸದ ಹಾಗೆ ತಡೆಯಬಹುದಾದದ್ದಕ್ಕೆ, ‘ಬೇಲಿ ಹಾಕಬಲ್ಲ’ ಅಂತ ಇಟ್ಟುಕೊಂಡಿದ್ದೇನೆ, ಚೆನ್ನಾಗಿ ನಡೆಯುತ್ತಿದೆ. ಕೋಲಾರದ ಟೊಮೆಟೊ ಬೆಳೆಗಾರರು ಹೈಬ್ರಿಡ್ ಬೀಜವನ್ನು ಪ್ರತಿ ಬೆಳೆಗೂ ಹೊಸದಾಗಿ ಕೊಳ್ಳಬೇಕು, ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಗಿಡ ಒಂದೇ ಸಮ ಬರಲ್ಲ. ಯಾವ ತಳಿಗೆ ಯಾವ ತಳಿ ಸೇರಿಸಿದ್ದು ಅನ್ನುವ ತಿಳಿವಳಿಕೆ ಎಷ್ಟು ಜನ ಬಳಸಿದರೂ ಕರಗುವಂಥದ್ದಲ್ಲ, ಆದರೂ ಬೇಲಿಯ ಒಳಗೆ ಇದೆ. ಈ ಉದಾಹರಣೆ ಕೊಟ್ಟರೆ ಎರಡೂ ಗುಣ ಬೇರೆ ಬೇರೆ ಅನ್ನೋದು ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

‘ನಾನ್‌ರೈವಲ್’ಗೆ ನನ್ನ ತಲೆಯಲ್ಲಿರೋದು ಇವು. ‘ಸವೆಯದ ಸರಕು’ ಅಂದರೆ ಬಾಳಿಕೆ ಬರುವ ಸರಕು ಅಂತ ಕೇಳಿಸುತ್ತದೆ, ಸ್ಟೀಲ್ ಪಾತ್ರೆಗೂ ಹೊಂದುತ್ತದೆ, ಹಾಗಾಗಿ ಬಿಟ್ಟೆ. ‘ಕುಂದದ ಸರಕು’ ನನಗೆ ಇಷ್ಟ, ಆದರೆ ಕೂಡಲೇ ‘ಕುಂದಿಲ್ಲದ’ ನೆನಪಾಗಿ ದೋಷವಿಲ್ಲದ್ದು ಅಂತ ಅರ್ಥ ಬಂದುಬಿಡುತ್ತದೆ. ‘ಕೂಡುಬಳಕೆಯ ಸರಕು’ ಪರವಾಗಿಲ್ಲ, ಆದರೆ ಊರ ಕೆರೆಯೂ ಕೂಡುಬಳಕೆಯದೇ, ಅದರ ನೀರು ಖಾಲಿ ಆಗುತ್ತದೆ.

ಸದ್ಯಕ್ಕೆ ನನ್ನ ಒಲವು ‘ಪಾಲಾಗದ ಸರಕು’ ಕಡೆಗೆ. ನಾಲ್ಕು ಎಕರೆ ಜಮೀನು ನಾಲ್ಕು ಜನ ಅಣ್ಣತಮ್ಮಂದಿರಿಗೆ ಪಾಲಾದರೆ ಒಬ್ಬೊಬ್ಬರಿಗೆ ಒಂದೊಂದು ಎಕರೆ. ಹಿಪ್ಪುನೇರಳೆ ಹೇಗೆ ಬೆಳೆಯೋದು ಅಂತ ಅಪ್ಪ ಹೇಳಿಕೊಟ್ಟದ್ದು ಮಾತ್ರ ನಾಲ್ವರಿಗೂ ಪೂರ್ತಿ ಸಿಗುತ್ತದೆ. ಪಾಲು ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಮನೆಯಲ್ಲಿ ತೆಲುಗು ಆಡುವವರಿಗೂ ಅದು ಅದೇ ಪದ. ಕಾಡುತ್ತಿರುವ ಅನುಮಾನ ಒಂದೇ: ‘ನೀರುಪಾಲು’, ‘ಕಂಡವರ ಪಾಲಾಯಿತು’ ಅನ್ನೋ ಬಳಕೆಯಿಂದ ‘ಪಾಲಾಗದ’ ಅಂದರೆ ‘ಕೈತಪ್ಪದ’ ಅಂತ ಯಾರಾದರೂ ಓದಬಹುದಾ? ‘ಪಾಲುಬೀಳದ’ ಅಂದರೆ ವಾಸಿಯಾ?

ತಿಪಟೂರು, ಸಿರಾ ಕಡೆಯವರು, ಮಂಡ್ಯ, ಧಾರವಾಡದವರು ಇದನ್ನು ಹೇಗೆ ಕೇಳಿಸಿಕೊಳ್ಳುತ್ತೀರಿ ಹೇಳಿ. ಹಂಚಿದರೂ ಕಡಿಮೆಯಾಗದ್ದಕ್ಕೆ ನಿಮ್ಮ ಕಡೆ ಬೇರೆ ಮಾತಿದ್ದರೆ ಅದೂ ಬೇಕು. ಕಸುಬಿನವರ ಬಾಯಲ್ಲಿ ಕೇಳಿದ್ದಾದರೆ ಯಾವ ಕಸುಬು, ಯಾವ ಊರು ಅಂತಲೂ ಬರೆಯಿರಿ. ಮುಂದಿನ ಸೆಮಿಸ್ಟರ್ ನೋಟ್ಸ್ ಟೈಪ್ ಮಾಡೋದಕ್ಕೆ ಮುಂಚೆ ಒಂದು ಪದಕ್ಕೆ ನಿಲ್ಲಬೇಕು ಅಂತಿದ್ದೇನೆ.