ಆಂಥ್ರಾಸೈಕ್ಲಿನ್ (ಒಂದು ಗುಂಪಿನ ಕೀಮೋ ಔಷಧಿಗಳು) ಒಟ್ಟು ಡೋಸ್ ಇಬ್ಬರ ಎಂಟ್ರಿಯಲ್ಲಿ ಬೇರೆ ಬೇರೆ ಬರ್ತಿದೆ. ಎಲ್ಲಿ ತಪ್ಪು?

ಸಂಯೋಜಕಿ_ಮೈಸೂರು
ಬಾಲ್ಯದಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಫಾಲೋಅಪ್ ಅಧ್ಯಯನ. ಹಳೇ ಫೈಲುಗಳಿಂದ ರೆಡ್‌ಕ್ಯಾಪ್‌ಗೆ (ಅಧ್ಯಯನದ ಡೇಟಾ ಸೇರಿಸೋ ಸಾಫ್ಟ್‌ವೇರ್) ಇಬ್ಬರು ಪ್ರತ್ಯೇಕವಾಗಿ ಎಂಟ್ರಿ ಮಾಡ್ತಿದ್ದಾರೆ. ಒಂದು ಎಎಲ್‌ಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಮಗುವಿಗೆ ಒಬ್ಬರದು 240, ಇನ್ನೊಬ್ಬರದು 168. ಎರಡನೇ ಮಗುವಿಗೆ 240, 180. ಮೂರನೇದರಲ್ಲಿ ಒಬ್ಬರ ಕಡೆ ಒಟ್ಟು ಖಾಲಿ, ನಾಲ್ಕನೇದರಲ್ಲಿ 21! ಸೂತ್ರ ಸರಳ, ಆ ಗುಂಪಿನ ಎರಡು ಔಷಧಿಗಳ ಮೊತ್ತ: ಡೌನೋರುಬಿಸಿನ್ + ಡಾಕ್ಸೋರುಬಿಸಿನ್. ಖಾಲಿ ಬರೋದನ್ನು ತಪ್ಪಿಸೋಕೆ ಸಮ್ ಫಂಕ್ಷನ್ ಹಾಕಲಾ?

ಡೇಟಾಮನೆ
ಸಮ್ ಹಾಕಬೇಡಿ ಮೇಡಂ, ಕಾರಣ ಆಮೇಲೆ ಹೇಳ್ತೀನಿ. ಮೊದಲು ಆ ಅಂಕಿಗಳನ್ನೇ ನೋಡಿ, ತಪ್ಪು ಯಾವುದು ಅಂತ ಅವೇ ಹೇಳ್ತಿವೆ.

168 ಅನ್ನು 240ರಿಂದ ಭಾಗಿಸಿ: 0.7. ಆ ಮಗುವಿನ ಬಿಎಸ್‌ಎ (ದೇಹದ ಮೇಲ್ಮೈ ವಿಸ್ತೀರ್ಣ) ಸುಮಾರು 0.7 ಚ.ಮೀ. ಇದ್ದರೆ ಒಬ್ಬರು ಡ್ರಗ್ ಚಾರ್ಟಿನ ಮಿ.ಗ್ರಾಂ ಅನ್ನೇ ಬರೆದಿದ್ದಾರೆ, ಇನ್ನೊಬ್ಬರು ಮಿ.ಗ್ರಾಂ/ಚ.ಮೀ. ಬರೆದಿದ್ದಾರೆ. ಒಂದು ಡೋಸಿಗೆ 21 ಮಿ.ಗ್ರಾಂ, ಅಂದರೆ 30 ಮಿ.ಗ್ರಾಂ/ಚ.ಮೀ. ಹೀಗೆ 8 ಡೋಸ್.

ಎರಡನೇ ಮಗುವಿನ 240 ಮತ್ತು 180: ಡೌನೋ 120, ಡಾಕ್ಸೋ 120. ಒಬ್ಬರು ಡೌನೋವನ್ನು ಡಾಕ್ಸೋಗೆ ಸಮಾನವಾದ ಡೋಸಿಗೆ ತರೋಕೆ 0.5ರಿಂದ ಗುಣಿಸಿ 60 ಅಂತ ಎಂಟ್ರಿ ಮಾಡಿದ್ದಾರೆ. ಕೈಯಲ್ಲಿ ಪರಿವರ್ತಿಸೋದು ಬೇಡವೇ ಬೇಡ. ಪ್ರತಿ ಔಷಧಿಯ ಕೊಟ್ಟ ಡೋಸ್ ಪ್ರತ್ಯೇಕ ಫೀಲ್ಡಿನಲ್ಲಿರಲಿ, ಗುಣಕ ಸೂತ್ರದಲ್ಲಿರಲಿ. ಡೌನೋಗೆ 0.5, 0.6 ಎರಡೂ ಬಳಕೆಯಲ್ಲಿವೆ. ಯಾವುದು ಅಂತ ಪ್ರೋಟೋಕಾಲಿನಲ್ಲಿ ಬರೆದಿಡಿ. ನಾಳೆ ಬದಲಾದರೆ ಒಂದು ಸಾಲು ತಿದ್ದಿದರೆ ಸಾಕು.

ನಾಲ್ಕನೇ ಮಗುವಿಗೆ 21 ಬಂದಿದ್ದು 120 − 99. ‘ಗೊತ್ತಿಲ್ಲ’ ಅನ್ನೋದಕ್ಕೆ -99 ಹಾಕ್ತೀರಲ್ಲ, ಅದೂ ಕೂಡಿಕೊಂಡಿದೆ. ಪ್ರಾಜೆಕ್ಟ್ ಸೆಟಪ್ಪಿನ ಅಡಿಷನಲ್ ಕಸ್ಟಮೈಸೇಷನ್‌ನಲ್ಲಿ -99 ಅನ್ನು ಮಿಸ್ಸಿಂಗ್ ಡೇಟಾ ಕೋಡ್ ಅಂತ ಸೇರಿಸಿ. ಆಗ ಲೆಕ್ಕ ಅದನ್ನು ಖಾಲಿ ಅಂತಲೇ ಪರಿಗಣಿಸುತ್ತೆ.

ಈಗ ಸಮ್ ವಿಷಯ. ಪ್ಲಸ್ ಹಾಕಿದರೆ ಒಂದು ಫೀಲ್ಡ್ ಖಾಲಿ ಇದ್ದರೂ ಒಟ್ಟು ಖಾಲಿ ಬರುತ್ತೆ. ಸಮ್ ಖಾಲಿಯನ್ನು ಬಿಟ್ಟು ಉಳಿದದ್ದನ್ನು ಕೂಡುತ್ತೆ. ಡೌನೋ ಗೊತ್ತಿಲ್ಲದ ಮಗುವಿಗೂ 120 ಅಂತ ಅಚ್ಚುಕಟ್ಟಾದ ಅಂಕಿ ಬರುತ್ತೆ, ಯಾರಿಗೂ ಅನುಮಾನ ಬರಲ್ಲ. 250 ಮಿ.ಗ್ರಾಂ/ಚ.ಮೀ. ಮುಟ್ಟಿದವರಿಗೆ 2 ವರ್ಷಕ್ಕೊಮ್ಮೆ ಎಕೋ (ಈ ಔಷಧಿಗಳಿಂದ ಹೃದಯಕ್ಕೆ ಹಾನಿಯಾಗಿದೆಯಾ ಅಂತ ನೋಡೋ ಸ್ಕ್ಯಾನ್) ಅಂತ ಮಾರ್ಗಸೂಚಿ ಇರುವಾಗ, ಕಡಿಮೆ ಬಿದ್ದ ಒಟ್ಟು ಅಂದರೆ ಆ ಮಗುವಿನ ಎಕೋ ತಪ್ಪಿತು ಅಂತಲೇ. ಪ್ಲಸ್ ಇರಲಿ. ಕೊಟ್ಟೇ ಇಲ್ಲ ಅಂದರೆ 0, ಗೊತ್ತಿಲ್ಲ ಅಂದರೆ -99. ಒಟ್ಟು ಖಾಲಿ ಬಂದವರ ಫೈಲ್ ಮತ್ತೆ ತೆಗೆಸಿ.

ಫಾರ್ಮಸಿ_ಹುಬ್ಬಳ್ಳಿ
ಒಂದು ಸೇರಿಸ್ತೀನಿ. ಅಂಕಿಯನ್ನು ಚಿಕಿತ್ಸಾ ಯೋಜನೆಯ ಹಾಳೆಯಿಂದ ತೆಗೀಬೇಡಿ, ನರ್ಸ್ ಸಹಿ ಇರುವ ಡ್ರಗ್ ಚಾರ್ಟಿನಿಂದ ತೆಗೀರಿ. ಜ್ವರ, ರಕ್ತಕಣಗಳ ಕೌಂಟ್ ಇಳಿಯೋದು, ಹೀಗೆ ಬಿಟ್ಟುಹೋದ ಡೋಸ್ ಯೋಜನೆಯಲ್ಲಿ ಕಾಣಲ್ಲ. ಎರಡನೇ ಮಗುವಿನ ಹಾಗೆ ಪರಿವರ್ತನೆಯ ತಪ್ಪು ಇಲ್ಲದೆಯೂ ಇಬ್ಬರ ವ್ಯತ್ಯಾಸ 30 ಅಥವಾ 60 ಬಂದರೆ ಇದೇ ಕಾರಣ ಇರಬಹುದು. ಚಾರ್ಟ್ ಸಿಗದಿದ್ದರೆ ‘ಮೂಲ: ಯೋಜನೆ ಮಾತ್ರ’ ಅಂತ ಒಂದು ಫೀಲ್ಡ್ ಇಡಿ. ಬಿಎಸ್‌ಎ ಕೂಡ ಆಯಾ ಡೋಸಿನ ದಿನದ್ದೇ ಬೇಕು. ಸ್ಟೀರಾಯ್ಡ್ ನಡೆಯುವಾಗ ಮಕ್ಕಳ ತೂಕ ಏರುತ್ತೆ.

ಸಂಯೋಜಕಿ_ಮೈಸೂರು
ಮೊದಲ ಮಗುವಿನ ಬಿಎಸ್‌ಎ 0.7 ಹತ್ತಿರವೇ ಇದೆ! -99 ಸೇರಿಸಿದೆ, ಸೂತ್ರಕ್ಕೆ 0.5 ಹಾಕಿದೆ. ಆದರೆ ನಾಲ್ಕನೇ ಮಗುವಿನಲ್ಲಿ ಇನ್ನೂ 21 ಅಂತಲೇ ತೋರಿಸ್ತಿದೆ.

ಡೇಟಾಮನೆ
ಸೂತ್ರ ಬದಲಾದರೂ ಉಳಿಸಿಟ್ಟ ಹಳೇ ಉತ್ತರ ತಾನಾಗಿ ಬದಲಾಗಲ್ಲ. ಡೇಟಾ ಕ್ವಾಲಿಟಿಯಲ್ಲಿ ರೂಲ್ ಹೆಚ್ (ಲೆಕ್ಕದ ಫೀಲ್ಡುಗಳ ಉತ್ತರ ಸರಿಯಿದೆಯಾ ಅಂತ ನೋಡೋದು) ಓಡಿಸಿ, ತಪ್ಪಿದವುಗಳ ಪಟ್ಟಿ ಬರುತ್ತೆ, ಫಿಕ್ಸ್ ಕ್ಯಾಲ್ಕ್ಸ್ ಒತ್ತಿ. ಅದಕ್ಕೂ ಮೊದಲು ಈಗಿನ ಡೇಟಾ ಎಕ್ಸ್‌ಪೋರ್ಟ್ ಮಾಡಿ ತೆಗೆದಿಡಿ, ಯಾವ ಮಗುವಿನ ಅಂಕಿ ಎಷ್ಟು ಬದಲಾಯಿತು ಅಂತ ಎಥಿಕ್ಸ್ ಕಮಿಟಿ ಕೇಳಿದರೆ ಬೇಕಾಗುತ್ತೆ. ಕೈಯಲ್ಲಿ 60 ಹಾಕಿದ್ದನ್ನು ಮೊದಲು 120ಕ್ಕೆ ತಿದ್ದಿ, ಇಲ್ಲದಿದ್ದರೆ ಎರಡು ಸಲ ಅರ್ಧ ಆಗುತ್ತೆ.

ಸಂಯೋಜಕಿ_ಮೈಸೂರು
ಆಯ್ತು ಸರ್, 21 ಹೋಗಿ ಖಾಲಿ ಬಂತು. ಮೂರು ದಾಖಲೆ ಮಾತ್ರ ಅಲುಗಾಡಲಿಲ್ಲ. ನೋಡಿದರೆ ಫಾರ್ಮ್ ಲಾಕ್ ಆಗಿತ್ತು. ಅನ್‌ಲಾಕ್ ಮಾಡಿಸಿ ಮತ್ತೆ ಓಡಿಸ್ತೀನಿ.