ಅಪ್‌ಡೇಟ್: ಪಪ್ಪಾಯಿ ಚಿಯಾ ಪುಡ್ಡಿಂಗ್ ಈಗ ಕಹಿ ಆಗ್ತಿಲ್ಲ

ಹಾಲಿಗೆ ಚಿಯಾ ಬೀಜ, ಪಪ್ಪಾಯಿ ಹಾಕಿ ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಕಹಿ ಆಗುತ್ತೆ, ಬೀಜ ಗಂಟು ಕಟ್ಟುತ್ತೆ ಅಂತ ಕೇಳಿದ್ದೆನಲ್ಲ, ಎರಡೂ ಸರಿಹೋಯಿತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಬೆಲ್ಲ ಜಾಸ್ತಿ ಹಾಕಿ ನೋಡಿದೆ, ಪ್ರಯೋಜನ ಆಗಲಿಲ್ಲ. ಮೊದಲು ಸಿಹಿ, ಆಮೇಲೆ ನಾಲಿಗೆಯ ಹಿಂದೆ ಅದೇ ಕಹಿ. ಬೀಜದ ಹೊಸ ಪ್ಯಾಕೆಟ್ ತಂದರೂ ಅಷ್ಟೇ. ಕೆಲಸ ಮಾಡಿದ್ದು "ಪಪ್ಪಾಯಿಯನ್ನು ತಿನ್ನೋ ಹೊತ್ತಿಗೆ ಮಾತ್ರ ಸೇರಿಸಿ" ಅನ್ನೋ ಸಲಹೆ. ಪಪ್ಪಾಯಿಯಲ್ಲಿರುವ ಪಪೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತೆ, ಒಡೆದ ಚೂರುಗಳೇ ಕಹಿ. ಹಸಿ ಅನಾನಸ್‌ನಲ್ಲೂ ಇಂಥದ್ದೇ ಕಿಣ್ವ ಇದೆಯಂತೆ, ಇದು ನನಗೆ ಗೊತ್ತೇ ಇರಲಿಲ್ಲ! ಅನಾನಸ್ ತುಂಡುಗಳನ್ನು ಚೆನ್ನಾಗಿ ಕುದಿಸಿ, ಆರಿಸಿ ಹಾಕಿದೆ. ಕಹಿ ಸುಳಿಯಲಿಲ್ಲ. ಮಾವು ಹಾಗೇ ಹಾಕಿ ರಾತ್ರಿಯಿಡೀ ಇಟ್ಟರೂ ಚೆನ್ನಾಗಿಯೇ ಇತ್ತು.

ಗಂಟಿಗೆ ಮದ್ದು ಇನ್ನೂ ಸುಲಭ. ಒಂದು ಕಪ್ ಹಾಲಿಗೆ 3 ಟೇಬಲ್ ಚಮಚ ಬೀಜ ಹಾಕಿ ಕಲಸಿ, 10 ನಿಮಿಷ ಬಿಟ್ಟು ಫೋರ್ಕ್‌ನಿಂದ ತಳದವರೆಗೂ ಮತ್ತೆ ಕಲಸಿ. ಅಷ್ಟರಲ್ಲಿ ಪ್ರತಿ ಬೀಜದ ಸುತ್ತ ಲೋಳೆ ಬಂದಿರುತ್ತೆ, ಬಿಡಿಬಿಡಿಯಾಗಿ ನಿಲ್ಲುತ್ತೆ. ಈ ಎರಡನೇ ಸಲ ಕಲಸೋದನ್ನು ಬಿಡಲೇಬೇಡಿ.

ಸಿಹಿಗೆ ನೆನೆಸಿ ರುಬ್ಬಿದ ಖರ್ಜೂರ ಬೆಲ್ಲಕ್ಕಿಂತ ಚೆನ್ನಾಗಿ ಬೆರೆಯಿತು. ಮೇಲೆ ಹುರಿದ ಕರಿ ಎಳ್ಳು, ಕುಂಬಳ ಬೀಜ ಉದುರಿಸಿದರೆ ರುಚಿಯೇ ಬೇರೆ. ಮಕ್ಕಳಿಗೆ, ವಯಸ್ಸಾದವರಿಗೆ ಕೊಡೋದಾದರೆ ಚಿಯಾ ಪೂರ್ತಿ ನೆಂದಿರಲಿ. ಒಣ ಬೀಜ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು.